ಡ್ಯಾನ್ಸ್ ಟೀಚರ್ ರಜೆಗೆ ಹೊರಟದ್ದು

ಡ್ಯಾನ್ಸ್ ಟೀಚರ್ ಮೊದಲ ಸಲ ಹಾಲ್‌ಗೆ ಕಾಲಿಟ್ಟದ್ದು ಬೀಗದಜ್ಜಿ ಆಗಷ್ಟೇ ನೆಲ ಒರೆಸಿ ಬಟ್ಟೆ ಹಿಂಡುತ್ತಿದ್ದ ಹೊತ್ತಿನಲ್ಲಿ. ನೆಲ ಒದ್ದೆಯಿದೆ ಎಂದು ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಈ ಮೂಲೆಯಿಂದ ಆ ಮೂಲೆಗೆ ನಡೆದು, ಅಲ್ಲಲ್ಲಿ ನಿಂತು ಹಿಮ್ಮಡಿಯಿಂದ ಗುದ್ದಿ ನೋಡಿದರು. ಒಣಗುತ್ತಿದ್ದ ನೆಲದ ತುಂಬ ಹೆಜ್ಜೆ ಗುರುತು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಹೇಳಿದ ಮೊದಲ ಮಾತು, "ನೆಲ ಡೊಂಕಿದೆ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆಯನ್ನು ಅವಳು ಜೀವಮಾನವಿಡೀ ಬೇರೆಯವರ ಮೇಲೆ ಬಿಟ್ಟಿದ್ದಳು. ಅದನ್ನು ಹೇಳಿಸಿಕೊಳ್ಳಲಿಕ್ಕೆಂದೇ ತಾವಾಗಿ ನಡೆದು ಬಂದವರನ್ನು ನೋಡಿದ್ದು ಅದೇ ಮೊದಲು.

"ನಗಬೇಡಿ ಅಜ್ಜಿ. ಆ ಬಕೆಟ್ಟಿನ ನೀರು ಸ್ವಲ್ಪ ಚೆಲ್ಲಿ ನೋಡಿ."

"ಈಗ ತಾನೇ ಒರೆಸಿದ್ದೀನಿ."

"ಇನ್ನೊಂದ್ಸಲ ಒರೆಸಿದ್ರಾಯ್ತು."

ಹೇಳಿದವರು ಕಾಯಲಿಲ್ಲ, ತಾವೇ ಬಕೆಟ್ ಬಗ್ಗಿಸಿದರು. ಕೊಳಕು ನೀರು ಹಾಲ್‌ನ ನಡುವಿನಿಂದ ಹೊರಟು, ದಾರಿ ಗೊತ್ತಿದ್ದವರ ಹಾಗೆ ನೇರ ಬಾಗಿಲ ಕಡೆಗೆ ಹರಿಯಿತು. ಅಷ್ಟು ವರ್ಷ ನೀರು ಬಾಗಿಲಿಗೇ ಹೋಗುತ್ತಿದ್ದುದು ತನ್ನ ಕೈಗುಣ ಎಂದು ಅಜ್ಜಿ ತಿಳಿದಿದ್ದಳು. ನೆಲ ನಿಜಕ್ಕೂ ಡೊಂಕಾಗಿತ್ತು. ಗೆದ್ದವರು ಗೆದ್ದ ಮುಖ ಮಾಡಿಕೊಂಡು ನಿಂತರು. ಸೋತವಳು ಇನ್ನೊಮ್ಮೆ ನೆಲ ಒರೆಸಿದಳು. ಅವರಿಬ್ಬರ ಪರಿಚಯ ಆದದ್ದು ಹೀಗೆ, ಮುಂದೆ ನಡೆದದ್ದೂ ಹೆಚ್ಚುಕಡಿಮೆ ಹೀಗೇ.

ಬೀಗದಜ್ಜಿ ಎಂಬ ಹೆಸರು ಮಕ್ಕಳು ಇಟ್ಟದ್ದು. ಅವಳ ಗಂಡ ಆ ಶಾಲೆಯ ಕಾವಲುಗಾರನಾಗಿದ್ದ. ಅವನು ಹೋದ ಮೇಲೆ ಬೀಗದ ಕೈಗಳ ಗೊಂಚಲು, ಹಾಲ್‌ನ ಬೆನ್ನಿಗೆ ಅಂಟಿಕೊಂಡಿದ್ದ ಒಂದು ಕೋಣೆ, ಎರಡೂ ಅವಳಿಗೆ ಉಳಿದವು. ಗೊಂಚಲನ್ನು ಕೆಂಪು ಲಾಡಿಯಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದಳು. ಹಾಲ್ ತೆರೆಯುವುದು, ಗುಡಿಸಿ ಒರೆಸುವುದು, ಮಕ್ಕಳ ಚಪ್ಪಲಿ ಜೋಡಿ ತಪ್ಪದಂತೆ ನೋಡುವುದು, ಕೊನೆಗೆ ಮುಚ್ಚುವುದು ಅವಳ ಕೆಲಸ.

ಡ್ಯಾನ್ಸ್ ಟೀಚರ್ ಅವತ್ತು ಕೇಳಿದ ಎರಡನೆಯ ಮಾತು, "ಕನ್ನಡಿ ಎಲ್ಲಿ?"

ಹಾಲ್ ಅಲ್ಲಿಯವರೆಗೆ ಮುರಿದ ಬೆಂಚುಗಳ ಉಗ್ರಾಣವಾಗಿತ್ತು. ಬೆಂಚುಗಳು ಮುಖ ನೋಡಿಕೊಳ್ಳುವುದಿಲ್ಲವಲ್ಲ. ಗೋಡೆಯುದ್ದದ ಕನ್ನಡಿ ಬರುವ ತಿಂಗಳು ಬರುತ್ತದೆ ಎಂದು ಆಫೀಸಿನವರು ಹೇಳಿದರು. ಬರುವ ತಿಂಗಳು ಕೇಳಿದಾಗ ಅದರ ಮುಂದಿನ ತಿಂಗಳು ಎಂದರು. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ ಎನ್ನುತ್ತಾರೆ; ಇಲ್ಲಿ ಗಂಟಿನ ಮಾತು ಹಾಗಿರಲಿ, ಕನ್ನಡಿಯೇ ಸಿಗಲಿಲ್ಲ.

"ಬರೋವರೆಗೆ ನಾನೇ ಕನ್ನಡಿ," ಎಂದರು ಟೀಚರ್. ಎಂದವರು ಹಾಗೆಯೇ ಆಗಿಬಿಟ್ಟರು. ಮಕ್ಕಳಿಗೆ ಎದುರಾಗಿ ನಿಂತು, ಮಕ್ಕಳು ಬಲಗಾಲು ಎತ್ತಬೇಕಾದರೆ ತಾವು ಎಡಗಾಲು ಎತ್ತಿ ಬಾಯಲ್ಲಿ "ಬಲ" ಎನ್ನುವರು. ಮಕ್ಕಳು ಎಡಕ್ಕೆ ವಾಲಬೇಕಾದರೆ ತಾವು ಬಲಕ್ಕೆ ವಾಲಿ "ಎಡ" ಎನ್ನುವರು. ಎದುರು ನಿಂತ ಮಕ್ಕಳಿಗೆ ಕನ್ನಡಿ ನೋಡಿದ ಹಾಗೆಯೇ ಕಾಣುತ್ತಿತ್ತು, ಒಂದು ಮಗುವಿಗೂ ಗೊಂದಲ ಆಗುತ್ತಿರಲಿಲ್ಲ. ಮೊದಮೊದಲು ಟೀಚರ್ ಅದನ್ನು ಯೋಚನೆ ಮಾಡಿ ಮಾಡುತ್ತಿದ್ದರು. ವರ್ಷಗಳು ಕಳೆದ ಮೇಲೆ ಯೋಚನೆ ಬಿಟ್ಟುಹೋಯಿತು, ಅಭ್ಯಾಸ ಉಳಿಯಿತು.

ಅಭ್ಯಾಸ ಹಾಲ್‌ನಿಂದ ಹೊರಗೂ ಅವರ ಹಿಂದೆಯೇ ಹೋಯಿತು. ಒಮ್ಮೆ ಬಡಗಿ ಬಂದಿದ್ದ. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. "ಕೊಕ್ಕೆ ಬಲಗಡೆ ಹೊಡಿ," ಎಂದರು ಟೀಚರ್. ಅವನು ಬಲಗಡೆ ಹೊಡೆದ. "ಬಲಗಡೆ ಅಂದ್ನಲ್ಲಪ್ಪಾ," ಎಂದು ಎಡಗೈ ಆಡಿಸಿ ರೇಗಿದರು. ಬಡಗಿ ಕೊಕ್ಕೆ ಕಿತ್ತು, ಬೇರೆ ಕಡೆ ಹೊಡೆದು, ಹೋಗುವಾಗ ಅಜ್ಜಿಯ ಕಿವಿಯಲ್ಲಿ ಹೇಳಿದ: "ಈಯಮ್ಮ ಮಾತಾಡುವಾಗ ಬಾಯಿ ನೋಡಬಾರದು ಕಣಜ್ಜಿ, ಕೈ ನೋಡಬೇಕು." ಅಜ್ಜಿ ಆ ಮಾತನ್ನು ಪಾಲಿಸಿಕೊಂಡು ಬಂದಳು. ಅದರಿಂದ ಅವಳಿಗೆ ಬೇಕಾದಷ್ಟು ಉಪಕಾರವಾಯಿತು.

ಟೀಚರಿಗೆ ಮದುವೆಯಾಗಿರಲಿಲ್ಲ. ಬೇರೆ ಊರಿನಲ್ಲಿ ಒಬ್ಬ ತಮ್ಮ ಇದ್ದ. ಶಾಲೆಯ ಎದುರಿನ ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮೇಲೆ ಅವರ ಬಾಡಿಗೆ ಕೋಣೆ. ಕೂತು ಊಟ ಮಾಡಿದ್ದನ್ನು ಅಜ್ಜಿ ನೋಡಿದ್ದು ಕಡಿಮೆ. ತಟ್ಟೆ ಕಿಟಕಿಯ ಮೇಲಿಟ್ಟುಕೊಂಡು, ಬೆರಳಲ್ಲಿ ತಾಳ ಹಾಕುತ್ತಾ ನಿಂತೇ ಮುಗಿಸುತ್ತಿದ್ದರು. ಸಾಲಿನಲ್ಲಿ ನಿಂತರೆ ಕಾಲು ಸುಮ್ಮನಿರುತ್ತಿರಲಿಲ್ಲ. ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ನೀನು ಕುಣೀತಿದ್ದೀಯಾ ಇಲ್ಲಾ ಇರುವೆ ಕಚ್ಚಿದ್ಯಾ?" "ಕೈ ಅಲ್ಲಿ ಯಾಕಿದೆ, ಬಟ್ಟೆ ಒಣಗಿಸೋಕಾ?" ಬೈಸಿಕೊಂಡ ಮಕ್ಕಳು ನಗುತ್ತಿದ್ದವು, ನಗುತ್ತಾ ಸರಿ ಮಾಡುತ್ತಿದ್ದವು.

ಹೀಗೆ ಕುಣಿಸುತ್ತಾ ಕುಣಿಸುತ್ತಾ ಅವರ ಸೊಂಟದ ಕೀಲು ಸವೆಯಿತು. ಮೊದಲು ಮೆಟ್ಟಿಲಲ್ಲಿ ನೋವು, ಆಮೇಲೆ ಸಮನೆಲದಲ್ಲಿ ನೋವು, ಆಮೇಲೆ ಮಲಗಿದರೂ ನೋವು. ಸಂಜೆ ಪಾಠ ಮುಗಿದ ಮೇಲೆ ಅಜ್ಜಿಯ ಕೋಣೆಗೆ ಬಂದು ಚಾಪೆಯ ಮೇಲೆ ಒರಗುತ್ತಿದ್ದರು. ಅಜ್ಜಿ ಬಿಸಿನೀರಿನ ಚೀಲ ಒತ್ತುತ್ತಿದ್ದಳು. ಕೀಲು ಬದಲಿಸಲೇಬೇಕು, ಆಮೇಲೆ ತಿಂಗಳುಗಟ್ಟಲೆ ವಿಶ್ರಾಂತಿ ಬೇಕು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯವರು ಕೊಟ್ಟ ಮೊದಲ ತಾರೀಖನ್ನು ಟೀಚರ್ ಮುಂದೂಡಿದರು. ಎರಡನೆಯದನ್ನೂ ಮುಂದೂಡಿದರು. ಮೂರನೆಯದನ್ನು ಕೊಡುವಾಗ ಡಾಕ್ಟರು ಹೇಳಿದ್ದು ಇಷ್ಟೇ: ಇದನ್ನೂ ತಪ್ಪಿಸಿದರೆ ಆಮೇಲೆ ನೆಟ್ಟಗೆ ನಡೆಯುವ ಮಾತಿಗೆ ನಾನು ಜವಾಬ್ದಾರನಲ್ಲ.

ಮುಂದೂಡಿದ್ದಕ್ಕೆ ಕಾರಣ ಭಯವಲ್ಲ, ಲೆಸನ್ ಪ್ಲಾನ್.

ಶಾಲೆಯ ಹೆಡ್ ಮೇಡಂ ನಿಯಮದ ಹೆಂಗಸು. ದೀರ್ಘ ರಜೆ ಬೇಕಾದವರು ರಜೆಯಷ್ಟೂ ದಿನದ ಪಾಠಗಳನ್ನು ಬರೆದು ಕೊಟ್ಟು ಹೋಗಬೇಕು. ಬದಲಿಗೆ ಬಂದವರು ಯಾರೇ ಆಗಲಿ, ಅದನ್ನು ಓದಿ ಪಾಠ ಮಾಡುವಂತಿರಬೇಕು. ಲೆಕ್ಕದ ಟೀಚರು ಹೆರಿಗೆಗೆ ಹೋಗುವಾಗ ಹಾಗೇ ಮಾಡಿದ್ದರು. ಡ್ಯಾನ್ಸ್ ಟೀಚರೂ ಹಾಗೇ ಮಾಡಲಿ.

"ಲೆಕ್ಕದವರ ಪುಸ್ತಕದಲ್ಲಿ ಲೆಕ್ಕ ಇರುತ್ತೆ ಮೇಡಂ," ಎಂದರಂತೆ ಟೀಚರ್. "ನನ್ನ ಪುಸ್ತಕ ನನ್ನ ಕಾಲು. ಅದನ್ನ ಬಿಚ್ಚಿಟ್ಟು ಹೋಗ್ಲಾ?"

"ಬರೆದು ಕೊಡಿ," ಎಂದರಂತೆ ಮೇಡಂ. ಜೊತೆಗೆ ಗೆರೆ ಹಾಕಿದ ಹಾಳೆಗಳ ಒಂದು ಕಟ್ಟು ಕೊಟ್ಟರು. ಉದ್ದೇಶ, ಬೇಕಾದ ಸಾಮಗ್ರಿ, ಕಲಿಸುವ ವಿಧಾನ, ಪರೀಕ್ಷೆ ಎಂದು ಅದರಲ್ಲಿ ಮೊದಲೇ ಮನೆ ಮಾಡಿಟ್ಟಿದ್ದರು.

ಮೊದಲ ಪ್ಲಾನ್ ಅನ್ನು ಟೀಚರ್ ಬೆಳಗಿನ ಬಿಡುವಿನಲ್ಲೇ ಮುಗಿಸಿದರು. ಸಾಮಗ್ರಿ ಎನ್ನುವಲ್ಲಿ "ಎರಡು ಕಾಲು" ಎಂದು ಬರೆದರು. ವಿಧಾನ ಎನ್ನುವಲ್ಲಿ "ಮಕ್ಕಳನ್ನು ನೋಡಿ, ಅವರಿಗೆ ಏನು ಬೇಕೋ ಅದನ್ನು ಹೇಳಿಕೊಡಿ" ಎಂದು ಬರೆದರು. ಮಧ್ಯಾಹ್ನ ಅದು ಕೆಂಪು ಗೆರೆ ಎಳೆಸಿಕೊಂಡು ವಾಪಸಾಯಿತು. ಸಿಟ್ಟು ಬಂದದ್ದೇ ಟೀಚರ್ ಇನ್ನೊಂದು ತುದಿಗೆ ಹೋದರು. ಒಂದು ಪಾಠಕ್ಕೆ ಒಂದು ಸೀರೆಯಷ್ಟು ಉದ್ದ ಬರೆದರು. ನೆಲ ಬಾಗಿಲ ಕಡೆಗೆ ಇಳಿಜಾರು, ಆದ್ದರಿಂದ ಸುತ್ತು ಹೊಡೆಯುವಾಗ ಮಕ್ಕಳು ತಾವಾಗಿ ಬಾಗಿಲಿಗೆ ಜಾರುತ್ತಾರೆ, ಬೈಯಬೇಡಿ. ಜಡೆ ಉದ್ದದ ಹುಡುಗಿಯನ್ನು ನಡುವೆ ನಿಲ್ಲಿಸಬೇಡಿ, ಜಡೆ ಪಕ್ಕದವರ ಕಣ್ಣಿಗೆ ಹೊಡೆಯುತ್ತದೆ. ಇಬ್ಬರು ಅವಳಿಗಳನ್ನು ಒಟ್ಟಿಗೆ ಬಿಡಬೇಡಿ. ಬೇರೆ ಮಾಡಿದರೆ ಅಳುತ್ತಾರೆ, ಅದಕ್ಕೆ ಬೇರೆಯೂ ಮಾಡಬೇಡಿ.

"ಹಾಗಾದ್ರೆ ಏನು ಮಾಡ್ಬೇಕು?" ಎಂದಳು ಅಜ್ಜಿ.

"ಅದು ನೋಡಿದ್ರೆ ಗೊತ್ತಾಗುತ್ತೆ."

"ಕಾಗದದಲ್ಲಿ ಎಲ್ಲಿ ಕಾಣುತ್ತೆ?"

ಅಲ್ಲಿಂದ ಅಜ್ಜಿಗೆ ಗ್ರಹಚಾರ ಶುರುವಾಯಿತು. ಅವಳಿಗೆ ಓದು ಬಂದದ್ದು ತಡವಾಗಿ. ಗಂಡ ಅಂಗಡಿ ಬೋರ್ಡುಗಳನ್ನು ತೋರಿಸಿ ಕಲಿಸಿದ್ದ. ಅಕ್ಷರದ ಕೆಳಗೆ ಬೆರಳಿಟ್ಟು, ಒಂದು ದಾಟಿ ಇನ್ನೊಂದಕ್ಕೆ ಹೋಗುತ್ತಿದ್ದಳು, ಕಲ್ಲಿನ ಮೇಲೆ ಕಾಲಿಟ್ಟು ಹಳ್ಳ ದಾಟಿದ ಹಾಗೆ. ಡ್ಯಾನ್ಸ್ ಟೀಚರಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಅಜ್ಜಿ ಓದಿ ಅರ್ಥ ಮಾಡಿಕೊಂಡರೆ ಬದಲಿಗೆ ಬಂದವರು ಮಾಡಿಕೊಳ್ಳದೆ ಇರುತ್ತಾರೆಯೇ?

"ನೀವು ಓದಿ ಅಜ್ಜಿ. ಓದಿದ ಹಾಗೆ ನಾನು ಹೆಜ್ಜೆ ಹಾಕ್ತೀನಿ. ಎಲ್ಲಿ ತಪ್ಪುತ್ತೋ ಅಲ್ಲಿ ತಿದ್ದಿ ಬರೀತೀನಿ."

"ನನ್ನ ಅಡುಗೆ?"

"ಅಡುಗೆ ಎಲ್ಲಿಗೆ ಓಡಿಹೋಗುತ್ತೆ?"

ಅಜ್ಜಿ ಸ್ಟೂಲಿನ ಮೇಲೆ ಕೂತು ಓದುವಳು. ಎದುರಿಗೆ ಟೀಚರ್ ನೋವಿನ ಸೊಂಟ ಹಿಡಿದುಕೊಂಡು ಹೆಜ್ಜೆ ಹಾಕುವರು. "ಮೂ... ಮೂರು ಹೆ..." "ಬೇಗ ಓದಿ ಅಜ್ಜಿ, ಕಾಲು ಗಾಳೀಲಿದೆ." "ಗಾಳೀಲಿ ಯಾಕಿಟ್ಕೊಂಡ್ರಿ, ಕೆಳಗಿಡಿ." ಒಂದು ಸಾಲು ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಏನಾದರೂ ಸೀಯುತ್ತಿತ್ತು. ಅಜ್ಜಿ ಒಲೆಯ ಕಡೆ ಹೋದರೆ ಟೀಚರ್ ತಡೆಯಲಾರದೆ ಗೋಡೆಯ ಕಡೆ ತಿರುಗಿ, ತಮ್ಮ ಕಾಲು ತಾವೇ ನೋಡಿಕೊಂಡು ಬರೆಯುತ್ತಿದ್ದರು. ಮತ್ತೆ ಅಜ್ಜಿ ಬಂದು ಕೂತರೆ ಮತ್ತೆ ಅವಳ ಕಡೆ ತಿರುಗುವರು. ಬರೆದದ್ದನ್ನು ಹರಿಯುವರು, ಹರಿದದ್ದನ್ನು ಜೋಡಿಸಿ ನೋಡುವರು, ಹರಿಯಬಾರದಿತ್ತು ಎಂದು ಅಜ್ಜಿಯ ಮೇಲೆ ರೇಗುವರು. ಕೊನೆಗೆ ಎಲ್ಲವನ್ನೂ ಗೆರೆಯ ಹಾಳೆಗೆ ಚೊಕ್ಕವಾಗಿ ಇಳಿಸಿದಾಗ ಕಟ್ಟು ಇಟ್ಟಿಗೆಯಷ್ಟು ದಪ್ಪವಾಗಿತ್ತು. ಮೇಡಂ ತೂಕ ನೋಡಿಯೇ ಇರಬೇಕು, ಈ ಸಲ ಕೆಂಪು ಗೆರೆ ಎಳೆಯಲಿಲ್ಲ.

ಬದಲಿಗೆಂದು ಮೊದಲು ಬಂದದ್ದು ಡ್ಯಾನ್ಸ್ ಕಲಿತ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗಳ ಪುಟದವರೆಗೆ ಓದಿದಳು. ತಲೆನೋವು ಎಂದು ಎದ್ದು ಹೋದಳು. ಆ ತಲೆನೋವು ವಾಸಿಯಾದ ಸುದ್ದಿ ಇವತ್ತಿಗೂ ಬಂದಿಲ್ಲ. ಬೇರೆ ಯಾರೂ ಸಿಗದೆ ಮೇಡಂ ಶಾಲೆಯ ಡ್ರಿಲ್ ಮೇಷ್ಟ್ರನ್ನೇ ನೇಮಿಸಿದರು.

ಡ್ರಿಲ್ ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡೇ ಹುಟ್ಟಿದವರ ಹಾಗಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯಲ್ಲ. ಕಟ್ಟಿಯೇ ಬಂದು, ಕರುವಿಗೆ ಹಗ್ಗ ಎಲ್ಲಿದೆ ಎಂದು ಕೇಳುವ ಜಾತಿ. ಕಟ್ಟು ಕೈಗೆ ತೆಗೆದುಕೊಂಡು, "ನೆಲ ಇಳಿಜಾರು," ಎಂದು ಗಟ್ಟಿಯಾಗಿ ಓದಿ, ಅಜ್ಜಿಯ ಕಡೆ ನೋಡಿದರು. "ಕುಣಿಯಲಾರದವರಿಗೆ..."

"ಆ ಗಾದೆ ಇಲ್ಲಿ ಬೇಡ ಮೇಷ್ಟ್ರೇ," ಎಂದಳು ಅಜ್ಜಿ. "ನಾನು ಹೇಳೋಕೆ ಹೋಗಿ ಎರಡು ಸಲ ನೆಲ ಒರೆಸಿದ್ದೀನಿ."

ಆಸ್ಪತ್ರೆಯ ತಾರೀಖಿಗೆ ಮುಂಚೆ ಒಂದು ವಾರ ಆ ಕಟ್ಟಿನ ಪರೀಕ್ಷೆ ಎಂದು ಗೊತ್ತುಮಾಡಿದರು. ಚಿಕ್ಕ ಮಕ್ಕಳಿಗೆ ಶಾಲೆಯ ಸಮಾರಂಭದ ಕುಣಿತವನ್ನು ಮೇಷ್ಟ್ರು ಕಾಗದ ನೋಡಿ ಕಲಿಸಬೇಕು; ಡ್ಯಾನ್ಸ್ ಟೀಚರ್ ಹಾಲ್‌ನೊಳಗೆ ಕಾಲಿಡಬಾರದು. ದೊಡ್ಡ ಮಕ್ಕಳು ಅದೇ ಕುಣಿತವನ್ನು ಟೀಚರಿಂದ ಮೊದಲೇ ಕಲಿತಿದ್ದರು. ವಾರದ ಕೊನೆಗೆ ಎರಡೂ ಗುಂಪನ್ನು ಸೇರಿಸಿ ನೋಡುವುದು.

ಆ ವಾರವಿಡೀ ಟೀಚರ್ ಅಜ್ಜಿಯ ಕೋಣೆಯಲ್ಲಿ ಗೋಡೆಗೆ ಕಿವಿಯಿಟ್ಟು ಕೂತಿದ್ದರು. ಆಚೆಯಿಂದ ಮೇಷ್ಟ್ರ ಸೀಟಿ, ಮಕ್ಕಳ ಕಾಲಿನ ಸದ್ದು.

"ತಾಳ ಸರಿಯಾಗಿದೆ," ಎನ್ನುವರು ಆಶ್ಚರ್ಯದಿಂದ. ಸ್ವಲ್ಪ ಹೊತ್ತಿಗೆ, "ತಿರುವಿನಲ್ಲೂ ತಪ್ಪಲಿಲ್ಲ." ಮತ್ತೆ ಸ್ವಲ್ಪ ಹೊತ್ತಿಗೆ ಮುಖ ಗಂಟು ಹಾಕಿಕೊಂಡು, "ಇಷ್ಟು ಸರಿಯಾಗಿ ಬರಬಾರದಲ್ಲ."

"ಸರಿ ಬಂದ್ರೂ ತೊಂದ್ರೆನಾ?"

"ತೊಂದ್ರೆ ಅಂತಲ್ಲ. ಹಾಗಾದ್ರೆ ನಾನು ಇಷ್ಟು ವರ್ಷ ಏನು ಮಾಡ್ತಿದ್ದೆ, ಅಷ್ಟೇ."

ಅಜ್ಜಿ ಬಿಸಿನೀರಿನ ಚೀಲವನ್ನು ಸ್ವಲ್ಪ ಜೋರಾಗಿಯೇ ಒತ್ತಿದಳು. ಏನೇ ಆಗಲಿ, ಟೀಚರ್ ಚೀಲಕ್ಕೆ ಬಟ್ಟೆ ತುಂಬಿದರು. ಹೊರಡುವ ದಿನ ಬೆಳಿಗ್ಗೆ ಬಾ ಎಂದು ತಮ್ಮನಿಗೆ ಫೋನೂ ಮಾಡಿದರು. ಈ ಸಲ ಹೋಗುವುದೇ ಎಂದು ಅಜ್ಜಿಗೆ ನಂಬಿಕೆ ಬಂತು. ಸದ್ದಿಗೆ ಎಡಬಲ ಇಲ್ಲ ಎನ್ನುವುದು ಅವಳಿಗಾಗಲೀ ಟೀಚರಿಗಾಗಲೀ ಹೊಳೆಯಲಿಲ್ಲ.

ಹೊರಡುವ ಹಿಂದಿನ ದಿನ ಎರಡೂ ಗುಂಪನ್ನು ಸೇರಿಸಿದರು. ಟೀಚರ್ ಬಾಗಿಲ ಹತ್ತಿರ ಕುರ್ಚಿಯಲ್ಲಿ, ಪಕ್ಕದಲ್ಲಿ ಅಜ್ಜಿ. ಮೇಷ್ಟ್ರು ಸೀಟಿ ಊದಿದರು. ದೊಡ್ಡ ಮಕ್ಕಳದೊಂದು ಸಾಲು, ಚಿಕ್ಕವರದೊಂದು ಸಾಲು, ಮೊದಲರ್ಧ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತು. ಟೀಚರ್ ಮೆಲ್ಲನೆ ಹಿಂದಕ್ಕೆ ಒರಗಿದರು. ಆಮೇಲೆ ಬಂತು ಒಂದು ತಿರುವು. ದೊಡ್ಡ ಮಕ್ಕಳು ಬಲಕ್ಕೆ ತಿರುಗಿದರು. ಚಿಕ್ಕ ಮಕ್ಕಳು ಅಷ್ಟೇ ಅಂದವಾಗಿ, ಅಷ್ಟೇ ತಾಳಕ್ಕೆ, ಎಡಕ್ಕೆ ತಿರುಗಿದರು.

ಸಂತೆಯಲ್ಲಿ ಗೂಳಿ ನುಗ್ಗಿದಂತಾಯಿತು. ಜಡೆ ಉದ್ದದ ಹುಡುಗಿಯ ಜಡೆ ಇಬ್ಬರನ್ನು ಹೊಡೆಯಿತು. ಅವಳಿಗಳು ಬೇರೆಯಾಗಿ ಅಳಲು ಶುರು ಮಾಡಿದರು. ಒಂದು ಮಗುವಿನ ಹಲ್ಲು ಬಿತ್ತು; ಅದು ಹೇಗೂ ಬೀಳಬೇಕಾಗಿದ್ದ ಹಾಲುಹಲ್ಲು, ಆದರೂ ಇಂಥ ದಿನ ಬೀಳಬೇಕಿತ್ತೇ? ಬಿದ್ದವರೆಲ್ಲ ಇಳಿಜಾರಿನಲ್ಲಿ ಬಾಗಿಲ ಕಡೆಗೇ ಉರುಳಿ ಬಂದರು.

"ಮೇಷ್ಟ್ರೇ, ಅಲ್ಲಿ ಬಲ," ಎಂದರು ಟೀಚರ್, ಕುರ್ಚಿಯ ಕೈ ಹಿಡಿದು ಏಳುತ್ತಾ.

"ಎಡ ಅಂತಿದೆ ಮೇಡಂ." ಮೇಷ್ಟ್ರು ಹಾಳೆ ಹಿಡಿದು ಬಂದರು. "ನಿಮ್ಮದೇ ಅಕ್ಷರ. ಎಡಕ್ಕೆ ತಿರುಗಿ ಮೂರು ಹೆಜ್ಜೆ."

"ಅದು ಹೇಗಾಗುತ್ತೆ? ನೋಡಿ ಇಲ್ಲಿ." ನೋವನ್ನು ಮರೆತು ಟೀಚರ್ ಮಕ್ಕಳ ಎದುರಿಗೆ ನಿಂತು, "ಬಲ," ಎನ್ನುತ್ತಾ ತಮ್ಮ ಎಡಕ್ಕೆ ತಿರುಗಿದರು.

"ಈಗ ನೀವು ತಿರುಗಿದ್ದು ಎಡಕ್ಕೆ."

"ನಾನು ಎಡಕ್ಕೆ ತಿರುಗಿದ್ರೆ ಎದುರಿನವರಿಗೆ ಅದು ಬಲ ಅಲ್ವೇನ್ರಿ?"

"ಹಾಗಾದ್ರೆ ಕಾಗದದಲ್ಲಿರೋದು ಯಾರ ಎಡ ಮೇಡಂ? ನಿಮ್ಮದಾ, ಮಕ್ಕಳದಾ?"

 ಟೀಚರ್ ಹಾಳೆ ತೆಗೆದುಕೊಂಡರು. ಹಿಂದಿನ ಹಾಳೆ ನೋಡಿದರು, ಮುಂದಿನದನ್ನು ನೋಡಿದರು. ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಳೆಗಳಲ್ಲಿ ಬಾಯಿಗೆ ಬಂದ ಎಡಬಲ ಇಳಿದಿತ್ತು, ಅದು ಮಕ್ಕಳದು. ಗೋಡೆಯ ಕಡೆ ತಿರುಗಿ, ತಮ್ಮ ಕಾಲು ನೋಡಿಕೊಂಡು ಬರೆದವುಗಳಲ್ಲಿ ಕಾಲಿನ ಎಡಬಲ ಇಳಿದಿತ್ತು, ಅದು ಕನ್ನಡಿಯದು. ಎಲ್ಲವೂ ಚೊಕ್ಕವಾದ ಒಂದೇ ಅಕ್ಷರದಲ್ಲಿ ಕಲಸಿಹೋಗಿದ್ದವು.

"ಅಜ್ಜಿ, ಯಾವ್ಯಾವ ಪಾಠ ಬರೆಯುವಾಗ ನೀವು ಒಲೆ ಹತ್ರ ಹೋಗಿದ್ರಿ?"

"ನಂಗೇನು ಗೊತ್ತಮ್ಮಾ? ಸೀದ ವಾಸನೆ ಬಂದಾಗೆಲ್ಲ ಹೋಗಿದ್ದೀನಿ. ಕೂತಾಗ ಅಕ್ಷರ ನೋಡ್ತಿದ್ದೆ, ನಿಮ್ಮ ಕಾಲು ಯಾರು ನೋಡಿದ್ರು?"

ಬಡಗಿಯ ಮಾತು ಅಜ್ಜಿಗೆ ಆಗ ನೆನಪಾಯಿತು. ಬಾಯಿ ನೋಡಬೇಡ, ಕೈ ನೋಡು ಎಂದಿದ್ದ. ಕಾಗದಕ್ಕೆ ಕೈ ಎಲ್ಲಿದೆ?

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ದೊಡ್ಡ ಮಕ್ಕಳಿಗೆ ಕುಣಿತ ಗೊತ್ತಿದೆಯಲ್ಲ ಮೇಡಂ. ಎಲ್ಲಿ ಡಿಕ್ಕಿ ಹೊಡೀತಾರೋ ಅಲ್ಲಿ ಅವರನ್ನೇ ಕೇಳಿ ತಿದ್ಕೋತೀನಿ. ನೀವು ಹೊರಡಿ."

"ಡಿಕ್ಕಿ ಹೊಡೆದು ಕಲಿಯೋಕೆ ಇವೇನು ಬಸ್ಸುಗಳಾ?" ಎಂದರು ಟೀಚರ್. "ಆಗಲ್ಲ. ಎಲ್ಲಾ ಮೊದಲಿಂದ ಬರೀಬೇಕು."

"ಎಷ್ಟು ದಿನ ಬೇಕು?" ಎಂದರು ಮೇಷ್ಟ್ರು.

ಟೀಚರ್ ಇಟ್ಟಿಗೆಯಂಥ ಕಟ್ಟನ್ನು ಎದೆಗೆ ಅವಚಿಕೊಂಡು ಅಜ್ಜಿಯ ಕೋಣೆಗೆ ನಡೆದರು. ಒಂದೊಂದು ಹೆಜ್ಜೆಗೂ ಸೊಂಟ ಕೆಳಗೆ ಕುಸಿಯುತ್ತಿತ್ತು.

ಮರುದಿನ ಬೆಳಿಗ್ಗೆ ತಮ್ಮ ಬಂದು ಕಾರು ನಿಲ್ಲಿಸಿದಾಗ ಅಕ್ಕ ಅಜ್ಜಿಯ ಚಾಪೆಯ ಮೇಲೆ ಹಾಳೆ ಹರಡಿಕೊಂಡು ಕೂತಿದ್ದರು. ಬಟ್ಟೆಯ ಚೀಲ ಬಾಗಿಲಲ್ಲೇ ಇತ್ತು.

"ಎದ್ದೇಳಕ್ಕ, ಹೊತ್ತಾಯ್ತು."

"ತಾರೀಖು ಮುಂದಕ್ಕೆ ಹಾಕ್ಸು. ಸ್ವಲ್ಪ ದಿನ ಸಾಕು."

ತಮ್ಮ ಬಾಗಿಲ ಚೌಕಟ್ಟಿಗೆ ತಲೆಯಾನಿಸಿದ. "ಇನ್ನೊಂದ್ಸಲಾನಾ? ಡಾಕ್ಟರು ನನ್ನ ಮುಖಕ್ಕೆ ಉಗೀತಾರೆ. ಅಜ್ಜೀ, ನೀವಾದ್ರೂ ಹೇಳಿ."

ಅಜ್ಜಿ ಅಷ್ಟು ವರ್ಷ ಟೀಚರನ್ನು ಬಹುವಚನ ಬಿಟ್ಟು ಮಾತಾಡಿಸಿರಲಿಲ್ಲ. ಅವತ್ತು ಅದು ತಾನಾಗಿ ಜಾರಿತು. "ನೀನು ಕನ್ನಡಿ ಆಗಿದ್ದು ಸಾಕು ಕಣೇ ಮಾರಾಯ್ತಿ," ಎಂದಳು. "ಕನ್ನಡಿ ಒಡೆದ್ರೆ ಇನ್ನೊಂದು ತರಬಹುದು. ಅದೂ ಈ ಶಾಲೆಯವರು ತರಲ್ಲ, ಆ ಮಾತು ಬೇರೆ. ಸೊಂಟ ಮುರಿದ್ರೆ ಯಾರು ತರ್ತಾರೆ? ಈ ಕಾಗದಾನ ಹೊತ್ಕೊಂಡು ಓಡಾಡೋದಕ್ಕಾದ್ರೂ ಎರಡು ಕಾಲು ಬೇಡ್ವಾ ನಿಂಗೆ?"

ಟೀಚರ್ ತಲೆ ಎತ್ತಿದರು. ಏನೋ ಹೇಳುವುದರಲ್ಲಿದ್ದರು, ಅಷ್ಟರಲ್ಲಿ ತಮ್ಮನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ನರ್ಸು. ಬರುತ್ತಿದ್ದೀರೋ ಇಲ್ಲವೋ ಎಂದು ಕೇಳಲಿಕ್ಕೆ. ಎಲ್ಲರಿಗೂ ಕೇಳುವಂತೆ ಇಟ್ಟು ತಮ್ಮ ಅದನ್ನು ಅಕ್ಕನ ಮುಂದೆ ಹಿಡಿದ, ನೀನೇ ಹೇಳಿಕೋ ಎನ್ನುವ ಹಾಗೆ.

"ಹೆಸರು, ವಯಸ್ಸು ಎಲ್ಲಾ ಇದೆ ಮೇಡಂ," ಎಂದಿತು ಆಚೆಯ ದನಿ. "ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕು, ಅಷ್ಟೇ. ಯಾವ ಕಡೆ ಕೀಲು?"

ಟೀಚರ್ ನೋಯುವ ಸೊಂಟದ ಮೇಲೆ ಕೈಯಿಟ್ಟುಕೊಂಡು, ಎದುರಿಗೆ ನಿಂತ ತಮ್ಮನನ್ನು ನೋಡುತ್ತಾ ಹೇಳಿದರು, "ಬಲ."

ಬಿಸಿನೀರಿನ ಚೀಲ ಹಿಡಿದು ಅಭ್ಯಾಸವಾಗಿದ್ದ ಅಜ್ಜಿಗೆ ಕೂಡಲೇ ತಪ್ಪು ತಿಳಿಯಿತು. ಟೀಚರ ಕೈ ಇದ್ದದ್ದು ಎಡ ಸೊಂಟದ ಮೇಲೆ.

"ಬಲಾನಾ?" ಎಂದಿತು ದನಿ. "ಇಲ್ಲಿ ಎಡ ಅಂತ ಇದೆಯಲ್ಲ ಮೇಡಂ?"

 ತಮ್ಮ ಅಕ್ಕನ ಕೈ ನೋಡಿದ. ಅಕ್ಕನೂ ಆ ಕೈಯನ್ನೇ ನೋಡಿಕೊಂಡರು, ಬೇರೆ ಯಾರದೋ ಕೈ ತಮ್ಮ ಮೇಲೆ ಬಂದು ಕೂತ ಹಾಗೆ.

"ಎಡಾನೇ ಸಿಸ್ಟರ್," ಎಂದ ತಮ್ಮ. "ಈಗ ಹೊರಡ್ತಿದ್ದೀವಿ." ಫೋನು ಇಟ್ಟ ಮೇಲೆ, "ಹೆದರ್ಬೇಡ ಅಕ್ಕ, ಅವರ ಹತ್ರ ಎಕ್ಸ್‌ರೇ ಇದೆ," ಎಂದ.

"ಎಕ್ಸ್‌ರೇನ ಅವರು ಯಾವ ಕಡೆಯಿಂದ ನೋಡ್ತಾರೆ?" ಎಂದು ಟೀಚರ್ ಕೇಳಿದರು, ತಮಾಷೆಯೇ ಇಲ್ಲದ ಮುಖದಲ್ಲಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಕನ್ನಡಿಯೇ ಆಗಿಬಿಟ್ಟವರ ಹುಣ್ಣಿನ ಗತಿ ಏನು ಎಂದು ಗಾದೆ ಕಟ್ಟಿದವರು ಹೇಳಿ ಹೋಗಿಲ್ಲ. ಟೀಚರ್ ಹಾಳೆಗಳನ್ನು ಒಂದೊಂದಾಗಿ ಎತ್ತಿ ಕಟ್ಟು ಮಾಡಿದರು, ಅಂಚು ಸಮ ಮಾಡಲು ನೆಲಕ್ಕೆ ಕುಟ್ಟಿದರು.

"ನನ್ನ ನೋವು ಯಾವ ಕಡೆ ಅಂತ ನಂಗೇ ಹೇಳೋಕೆ ಬರ್ಲಿಲ್ಲ," ಎಂದರು. "ಇನ್ನು ಇದನ್ನ ತಿದ್ದೋಕೆ ಕೂತ್ರೆ ಸರಿ ಇರೋದನ್ನೂ ಕೆಡಿಸ್ತೀನಿ. ಮೇಷ್ಟ್ರಿಗೆ ಕೊಡಿ ಅಜ್ಜಿ. ಡಿಕ್ಕಿ ಹೊಡೀಲಿ. ದೊಡ್ಡ ಮಕ್ಕಳನ್ನ ಕೇಳಿ ಅಂತ ಹೇಳಿ. ಹಲ್ಲು ಬಿದ್ದ ಮಗುವನ್ನ ಮಾತ್ರ ಮುಂದಿನ ಸಾಲಿಗೆ ಹಾಕ್ಬಾರ್ದು, ನಗೋವಾಗ ಬಾಯಿ ಮುಚ್ಚಿಕೊಳ್ಳೋಕೆ ಹೋಗಿ ಕೈ ತಾಳ ತಪ್ಪುತ್ತೆ ಅಂತಾನೂ ಹೇಳಿ."

"ಹೇಳ್ತೀನಿ, ಏಳಿ."

"ಈಗ ತಾನೇ ಏಳೇ ಅಂತಿದ್ರಿ."

"ಏಳೇ ಅಂದಿಲ್ಲ. ಮಾರಾಯ್ತಿ ಅಂದೆ."

ಅವರು ಮತ್ತೆ ಈ ಹಾಲ್‌ಗೆ ಬರಲಿಲ್ಲ. ಕೀಲು ಚೆನ್ನಾಗಿ ಕೂತಿತು; ತಮ್ಮನ ಊರಿನಲ್ಲೇ ಉಳಿದು, ಅಲ್ಲಿಯ ಮಕ್ಕಳಿಗೆ ಕುರ್ಚಿಯಲ್ಲಿ ಕೂತು ಬೈಯುತ್ತಾ ಕಲಿಸುತ್ತಾರಂತೆ. ಆ ಮನೆಯಲ್ಲಿ ದೊಡ್ಡ ಕನ್ನಡಿ ಇದೆಯಂತೆ. ಇಲ್ಲಿ ಮೇಷ್ಟ್ರು ಸೀಟಿ ಊದಿ ಕುಣಿಸುತ್ತಾರೆ, ಹಾಳೆಗಳ ತುಂಬ ದೊಡ್ಡ ಮಕ್ಕಳು ಪೆನ್ಸಿಲ್ಲಿನಲ್ಲಿ ಮಾಡಿದ ತಿದ್ದುಪಡಿ. ನೆಲ ಇನ್ನೂ ಡೊಂಕಾಗಿದೆ. ಕನ್ನಡಿ ಬರುವ ತಿಂಗಳು ಬರುತ್ತದೆ.

ಅವತ್ತು ಅಜ್ಜಿ ಮತ್ತು ತಮ್ಮ ಇಬ್ಬರೂ ಹಿಡಿದು ಟೀಚರನ್ನು ಕಾರಿನಲ್ಲಿ ಕೂರಿಸಿದರು. ಬಾಗಿಲು ಹಾಕುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು.

"ಅಜ್ಜಿ, ನೋಯೋ ಕಾಲಿಗೆ ಏನಾದ್ರೂ ಕಟ್ಬಿಡಿ. ಅಲ್ಲಿ ಯಾರಾದ್ರೂ ಮತ್ತೆ ನನ್ನನ್ನೇ ಕೇಳಿದ್ರೆ ಕಷ್ಟ."

ಕಟ್ಟಲು ಕೈಗೆ ಏನೂ ಸಿಗಲಿಲ್ಲ. ಅಜ್ಜಿ ಸೊಂಟದ ಗೊಂಚಲು ಬಿಚ್ಚಿ, ಬೀಗದ ಕೈಗಳನ್ನೆಲ್ಲ ಮಡಿಲಿ‌ಗೆ ಸುರಿದುಕೊಂಡಳು. ರಸ್ತೆಯಲ್ಲೇ ಮಂಡಿಯೂರಿ ಕೂತು ಕೆಂಪು ಲಾಡಿಯನ್ನು ಟೀಚರ ಪಾದದ ಮೇಲೆ, ಗಿಣ್ಣಿಗೆ ಸುತ್ತಿ ಗಂಟು ಹಾಕಿದಳು. ತಮ್ಮ ಗಾಡಿ ಶುರು ಮಾಡಿದ. ಟೀಚರ್ ಬಗ್ಗಿ ಲಾಡಿಯನ್ನು ನೋಡಿದರು, ಎದುರಿಗೆ ಕೂತಿದ್ದ ಅಜ್ಜಿಯನ್ನು ನೋಡಿದರು, ಮತ್ತೆ ಲಾಡಿಯನ್ನು ನೋಡಿದರು.

"ಅಜ್ಜಿ," ಎಂದರು, "ಇದು ನನ್ನ ಎಡ ತಾನೇ, ನಿಮ್ಮದಲ್ಲ ತಾನೇ?"